ದಾವಣಗೆರೆಯ ತಾರಸಿಯಲ್ಲಿ ನಿಂತು ವಿದ್ಯಾರ್ಥಿಗಳ ಉಪಗ್ರಹ ಕೇಳುವುದು ಹೇಗೆ?

ತಿಂಗಳಿಗೆ ನಾಲ್ಕೈದು ಸಲವಾದರೂ ಇದೇ ಪ್ರಶ್ನೆ ಬರುತ್ತದೆ. "ಸರ್, ಕಾಲೇಜು ಹುಡುಗರು ಮಾಡಿದ ಸ್ಯಾಟಲೈಟ್ ಸಿಗ್ನಲ್ ಮನೆಯಲ್ಲೇ ಕೇಳಬಹುದಂತೆ, ಹೌದಾ? ದೊಡ್ಡ ಡಿಶ್ ಬೇಕಾ?" ಕೇಳಬಹುದು. ಡಿಶ್ ಬೇಡ. ಒಬ್ಬೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿದೆ, ಅದಕ್ಕೇ ಎಲ್ಲವನ್ನೂ ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇನೆ. ನಾನು ದಾವಣಗೆರೆಯವನು, ಹಾಗಾಗಿ ಉದಾಹರಣೆಗಳೆಲ್ಲ ಇಲ್ಲಿಯವು ಮತ್ತು ಪಕ್ಕದ ದುರ್ಗದವು.

ಮೊದಲು, ನಾವು ಕೇಳಲು ಹೊರಟಿರುವುದು ಏನು ಅಂತ ನೋಡೋಣ. ಕ್ಯೂಬ್‌ಸ್ಯಾಟ್ ಅಂದರೆ 10 ಸೆಂ.ಮೀ. ಉದ್ದ, ಅಗಲ, ಎತ್ತರದ ಪುಟ್ಟ ಡಬ್ಬಿ. ತೂಕ ಒಂದು ಕೆಜಿ ಆಸುಪಾಸು. ಟೋಕಿಯೋ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಮಾಡಿದ ಎಕ್ಸ್‌ಐ-4 ಅಂಥದ್ದು. 2003ರ ಜೂನ್ 30ರಂದು ರಷ್ಯಾದಿಂದ ಹಾರಿತು, 20 ವರ್ಷ ದಾಟಿದ ಮೇಲೂ ಅದರ ಸದ್ದು ಕೇಳಿಸುತ್ತಿತ್ತು. ನಮ್ಮಲ್ಲೂ ಮಾಡಿದ್ದಾರೆ. ಕರ್ನಾಟಕ ಮತ್ತು ಆಗಿನ ಆಂಧ್ರದ ಏಳು ಎಂಜಿನಿಯರಿಂಗ್ ಕಾಲೇಜುಗಳ ವಿದ್ಯಾರ್ಥಿಗಳು ಸೇರಿ ಕಟ್ಟಿದ ಸ್ಟಡ್‌ಸ್ಯಾಟ್ 2010ರ ಜುಲೈ 12ರಂದು ಪಿಎಸ್‌ಎಲ್‌ವಿ-ಸಿ15ರಲ್ಲಿ ಮೇಲೆ ಹೋಯಿತು. ಅದರ ತೂಕ ಒಂದು ಕೆಜಿಗಿಂತ ಕಮ್ಮಿ.

ಇವೆಲ್ಲ ನೆಲದಿಂದ 400ರಿಂದ 1500 ಕಿ.ಮೀ. ಎತ್ತರದಲ್ಲಿ ಸುತ್ತುತ್ತವೆ. ಒಂದು ಸುತ್ತಿಗೆ ಒಂದೂವರೆಯಿಂದ ಎರಡು ಗಂಟೆ. ನಮ್ಮ ತಲೆ ಮೇಲೆ ಹಾದುಹೋಗುವುದು ಮಾತ್ರ ಹತ್ತರಿಂದ ಇಪ್ಪತ್ತು ನಿಮಿಷ. ಹೀಗೆ ಒಂದು ಸಲ ಹಾದುಹೋಗುವುದಕ್ಕೆ 'ಪಾಸ್' ಅನ್ನುತ್ತಾರೆ. 'ನಾನು ಇಲ್ಲಿದ್ದೇನೆ' ಅಂತ ಉಪಗ್ರಹ ಬಿಟ್ಟೂಬಿಡದೆ ಕಳಿಸುವ ಸಣ್ಣ ಸಿಗ್ನಲ್‌ಗೆ 'ಬೀಕನ್' ಅನ್ನುತ್ತಾರೆ. ಎಕ್ಸ್‌ಐ-4ರ ಬೀಕನ್ ಶಕ್ತಿ ಒಂದು ವ್ಯಾಟ್‌ನ ಹತ್ತನೇ ಒಂದು ಭಾಗದಷ್ಟು. ಜೀರೋ ಬಲ್ಬಿಗೂ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬೇಕು. ಆದರೂ ಕೇಳುತ್ತದೆ, ಯಾಕೆಂದರೆ ನಮಗೂ ಅದಕ್ಕೂ ನಡುವೆ ಗೋಡೆಯಿಲ್ಲ, ಮರವಿಲ್ಲ, ಬರೀ ಆಕಾಶ.

ಒಂದು ಮಾತು ಈಗಲೇ ಹೇಳಿಬಿಡುತ್ತೇನೆ. ಸಿಗ್ನಲ್ ಸಿಗದಿದ್ದರೆ ಎಲ್ಲರೂ ಮೊದಲು ಮಾಡುವುದು ಇನ್ನೂ ದೊಡ್ಡ ಆಂಟೆನಾ ಆರ್ಡರ್ ಹಾಕುವುದು. ದಯವಿಟ್ಟು ಬೇಡ. ನಾನು ನೋಡಿದ ಮಟ್ಟಿಗೆ ತಪ್ಪು ಇರುವುದು ಗಡಿಯಾರದಲ್ಲಿ, ಸೆಟ್ಟಿಂಗ್‌ನಲ್ಲಿ, ಇಲ್ಲಾ ನಿಂತ ಜಾಗದಲ್ಲಿ.

ಏನೇನು ಬೇಕು

ಆರ್‌ಟಿಎಲ್-ಎಸ್‌ಡಿಆರ್ ಡಾಂಗಲ್ ಒಂದು. ಪೆನ್‌ಡ್ರೈವ್ ಥರ ಯುಎಸ್‌ಬಿಗೆ ಚುಚ್ಚುವ ರೇಡಿಯೋ ಅದು. ಸುಮಾರು 24ರಿಂದ 1700 ಮೆಗಾಹರ್ಟ್ಸ್‌ವರೆಗೆ ಏನು ಬೇಕಾದರೂ ಕೇಳಬಹುದು, ಆದರೆ ಕಳಿಸಲು ಆಗುವುದಿಲ್ಲ. ಕೊಳ್ಳುವಾಗ 'ಟಿಸಿಎಕ್ಸ್‌ಒ' ಇದೆಯಾ ಅಂತ ನೋಡಿ. ಬಿಸಿಯಾದರೂ ಆವರ್ತನ ಜಾರದಂತೆ ನೋಡಿಕೊಳ್ಳುವ ಹರಳು ಅದು. ಅಗ್ಗದ ಡಾಂಗಲ್‌ಗಳಲ್ಲಿ ಇದು ಇರುವುದಿಲ್ಲ. ಅವು ಹತ್ತು ಲಕ್ಷಕ್ಕೆ 50 ಭಾಗ ಜಾರಿದರೂ ಸಾಕು, ನಾವು ಕೇಳಲಿರುವ 437 ಮೆಗಾಹರ್ಟ್ಸ್ ಆಸುಪಾಸಿನಲ್ಲಿ ನೀವು 22 ಕಿಲೋಹರ್ಟ್ಸ್ ಆಚೆ ಎಲ್ಲೋ ಹುಡುಕುತ್ತಿರುತ್ತೀರಿ.

ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಆಂಡ್ರಾಯ್ಡ್ ಫೋನ್, ಅದಕ್ಕೆ ಡಾಂಗಲ್ ಜೋಡಿಸಲು ಒಂದು ಒಟಿಜಿ ಕೇಬಲ್ ಸಾಕು. ಎಸ್‌ಡಿಆರ್ ಪ್ಲಸ್ ಪ್ಲಸ್ ಅನ್ನುವ ಉಚಿತ ಸಾಫ್ಟ್‌ವೇರ್ ಎರಡರಲ್ಲೂ ನಡೆಯುತ್ತದೆ. ಪಾಸ್ ಯಾವಾಗ ಅಂತ ತಿಳಿಯಲು ಫೋನಿನಲ್ಲಿ ಲುಕ್‌ಫೋರ್‌ಸ್ಯಾಟ್, ಲ್ಯಾಪ್‌ಟಾಪಿನಲ್ಲಿ ಜಿಪ್ರೆಡಿಕ್ಟ್. ಅವೂ ಉಚಿತ.

ಇನ್ನು ಕೇಬಲ್. ತೆಳ್ಳಗಿನ ಆರ್‌ಜಿ-58 ಕೇಬಲ್ ಹತ್ತು ಮೀಟರ್ ಎಳೆದರೆ 437 ಮೆಗಾಹರ್ಟ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಸಿಗ್ನಲ್ ದಾರಿಯಲ್ಲೇ ಹೋಯಿತು. ಡಿಶ್ ಟೀವಿಗೆ ಹಾಕುವ ಆರ್‌ಜಿ-6 ಕೇಬಲ್ ಇದೆಯಲ್ಲ, ಅದು ಇದಕ್ಕಿಂತ ಎಷ್ಟೋ ವಾಸಿ, ಅಗ್ಗವೂ ಹೌದು. ಅದು 75 ಓಮ್, ಡಾಂಗಲ್ 50 ಓಮ್ ಅಂತ ಯಾರಾದರೂ ತಕರಾರು ತೆಗೆದರೆ ತಲೆ ಕೆಡಿಸಿಕೊಳ್ಳಬೇಡಿ, ಕೇಳುವುದಕ್ಕೆ ಆ ನಷ್ಟ ಲೆಕ್ಕಕ್ಕಿಲ್ಲ. ಎಲ್ಲಕ್ಕಿಂತ ಒಳ್ಳೆಯದು ಅಂದರೆ ಎರಡು ಮೀಟರ್ ಕೇಬಲ್ ಇಟ್ಟುಕೊಂಡು ನೀವೇ ಲ್ಯಾಪ್‌ಟಾಪ್ ಹಿಡಿದು ತಾರಸಿಗೆ ಹೋಗುವುದು.

1. ಆಂಟೆನಾ ಕಟ್ಟಿ

ಶುರುವಿಗೆ 'ವಿ' ಆಕಾರದ ಡೈಪೋಲ್ ಸಾಕು. ಎರಡು ಲೋಹದ ತೋಳು, ನಡುವೆ ಸುಮಾರು 120 ಡಿಗ್ರಿ ಕೋನ. ಒಂದು ತೋಳಿಗೆ ಕೇಬಲ್ಲಿನ ನಡುತಂತಿ, ಇನ್ನೊಂದಕ್ಕೆ ಹೊರಗಿನ ಜಾಲರಿ. 145 ಮೆಗಾಹರ್ಟ್ಸ್‌ಗೆ ತೋಳು 49 ಸೆಂ.ಮೀ., 437ಕ್ಕೆ 16.3 ಸೆಂ.ಮೀ. ಲೆಕ್ಕ ಸುಲಭ: 300 ಅನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿದರೆ ತರಂಗದ ಉದ್ದ ಮೀಟರ್‌ನಲ್ಲಿ ಬರುತ್ತದೆ, ಅದರ ಕಾಲು ಭಾಗ ತೆಗೆದು ಐದು ಪರ್ಸೆಂಟ್ ಕಮ್ಮಿ ಮಾಡಿ. 49 ಸೆಂ.ಮೀ. ಡೈಪೋಲ್ 437ರಲ್ಲೂ ಒಂದಿಷ್ಟು ಕೇಳುತ್ತದೆ, ಯಾಕೆಂದರೆ 145ರ ಮೂರು ಪಟ್ಟು 435. ಆದರೆ ಆಗ ಅದರ ಕಿವಿ ಕೆಲವು ದಿಕ್ಕಿಗೆ ಮಂದ.

ಎಕ್ಸ್‌ಐ-4ರಂಥ ಸಣ್ಣ ದನಿ ಕೇಳಬೇಕಾದರೆ ಕೈಯಲ್ಲಿ ಹಿಡಿಯುವ ಯಾಗಿ, ಅಂದರೆ ತಿರುಗಿಸಿದ ದಿಕ್ಕಿನ ಸದ್ದನ್ನು ಜೋರಾಗಿ ಹಿಡಿಯುವ ಆಂಟೆನಾ ಮಾಡಿಕೊಳ್ಳಿ. ಹಾರ್ಡ್‌ವೇರ್ ಅಂಗಡಿಯಿಂದ ಒಂದು ಸ್ಟೀಲ್ ಅಳತೆ ಟೇಪು, ವೈರಿಂಗ್‌ಗೆ ಹಾಕುವ ಮುಕ್ಕಾಲು ಇಂಚಿನ ಪಿವಿಸಿ ಪೈಪ್ ಅರ್ಧ ಮೀಟರ್ ತನ್ನಿ. ಹಿಂದುಗಡೆ 34 ಸೆಂ.ಮೀ. ಪಟ್ಟಿ. ಅದರಿಂದ 6.5 ಸೆಂ.ಮೀ. ಮುಂದೆ 16 ಸೆಂ.ಮೀ.ನ ಎರಡು ತುಂಡು, ನಡುವೆ ಒಂದು ಸೆಂ.ಮೀ. ಸಂದು, ಕೇಬಲ್ ಬೆಸೆಯುವುದು ಇವಕ್ಕೇ. ಹಿಂದಿನ ಪಟ್ಟಿಯಿಂದ 14 ಸೆಂ.ಮೀ. ಮುಂದೆ 31 ಸೆಂ.ಮೀ. ಪಟ್ಟಿ. ಉಪಗ್ರಹದ ಕಡೆ ಈ ಗಿಡ್ಡ ಪಟ್ಟಿ ಇರಬೇಕು. ಎರಡು ಮಿಲಿಮೀಟರ್ ಆಚೀಚೆ ಆದರೆ ಚಿಂತೆಯಿಲ್ಲ.

ಇಲ್ಲಿ ಎಲ್ಲರೂ ಎಡವುವುದು ಬೆಸುಗೆಯಲ್ಲಿ. ಟೇಪಿನ ಹಳದಿ ಪೇಂಟ್ ಮೇಲೆ ಸೀಸ ಕೂರುವುದಿಲ್ಲ. ಮೇಲೆ ಅಂಟಿದ ಹಾಗೆ ಕಾಣುತ್ತದೆ, ಒಳಗೆ ಸಂಪರ್ಕವೇ ಇರುವುದಿಲ್ಲ. ಮರಳು ಕಾಗದದಲ್ಲಿ ಲೋಹ ಹೊಳೆಯುವವರೆಗೆ ಉಜ್ಜಿ, ಆಮೇಲೆ ಬೆಸೆಯಿರಿ. ಕತ್ತರಿಸಿದ ತುದಿಗಳಿಗೆ ಇನ್ಸುಲೇಷನ್ ಟೇಪ್ ಸುತ್ತಿ, ಬ್ಲೇಡಿನ ಹಾಗೆ ಕೊಯ್ಯುತ್ತವೆ.

2. ಜಾಗ ನೋಡಿಕೊಳ್ಳಿ

ನಾಲ್ಕೂ ಕಡೆ ಆಕಾಶ ಕಾಣಬೇಕು. ದಾವಣಗೆರೆ ಈ ವಿಷಯದಲ್ಲಿ ಪುಣ್ಯ ಮಾಡಿದ ಊರು, ಸುತ್ತ ಗದ್ದೆ ಬಯಲು, ಎರಡನೇ ಮಹಡಿಯ ತಾರಸಿ ಹತ್ತಿದರೆ ಬಹುತೇಕ ದಿಗಂತ ಕಾಣುತ್ತದೆ. ಮನೆ ಪೇಟೆಯ ನಡುವೆ ಇದ್ದರೆ ಬೆಳಿಗ್ಗೆ ವಾಕಿಂಗ್ ನೆಪದಲ್ಲಿ ಕುಂದುವಾಡ ಕೆರೆ ಏರಿಗೆ ಹೋಗಿ ನಿಲ್ಲಿ.

ದುರ್ಗದವರಿಗೆ ಸ್ವಲ್ಪ ಲೆಕ್ಕಾಚಾರ ಬೇಕು. ಊರಿನ ಪಡುವಣಕ್ಕೆ ಕೋಟೆಯ ಬೆಟ್ಟಗಳು ನಿಂತಿವೆ. ಬುಡದಲ್ಲಿ ಮನೆ ಇದ್ದವರಿಗೆ ಆ ಕಡೆ ಕೆಳಗಿರುವ ಉಪಗ್ರಹ ಬಂಡೆ ಹಿಂದೆ ಮರೆಯಾಗುತ್ತದೆ. ಪೂರ್ವದ ಕಡೆ ಹಾಯುವ ಪಾಸ್ ಆರಿಸಿಕೊಳ್ಳಿ, ಇಲ್ಲಾ ಊರ ಹೊರಗಿನ ಬಯಲಿಗೆ ಬನ್ನಿ. ಚಳ್ಳಕೆರೆ ಕಡೆಯವರಿಗೆ ಒಂದು ಕಿವಿಮಾತು. ಇಸ್ರೋದವರು 2023ರ ಏಪ್ರಿಲ್ 2ರಂದು ರೆಕ್ಕೆಯ ರಾಕೆಟ್ ವಾಹನವನ್ನು ತಾನಾಗಿಯೇ ಇಳಿಯುವಂತೆ ಮಾಡಿ ಪರೀಕ್ಷಿಸಿದ ಜಾಗ ನಿಮ್ಮ ಪಕ್ಕದಲ್ಲೇ ಇದೆ, ಹೆಮ್ಮೆ ಪಡಿ. ಆದರೆ ಅದು ರಕ್ಷಣಾ ಇಲಾಖೆಯ ಪರೀಕ್ಷಾ ವಲಯ. ಅಲ್ಲಿನ ಬೇಲಿ ಹತ್ತಿರ ಆಂಟೆನಾ ಹಿಡಿದು ನಿಲ್ಲುವ ಸಾಹಸ ಬೇಡ.

ತಾರಸಿ ಪಕ್ಕದಲ್ಲಿ ಕರೆಂಟಿನ ಲೈನ್ ಹೋಗಿದ್ದರೆ ಆ ಮೂಲೆಗೆ ಹೋಗಲೇಬೇಡಿ, ಕೈಯಲ್ಲಿರುವುದು ಲೋಹ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗು ಕೇಳಿದರೆ ಪಾಸ್ ಎಷ್ಟೇ ಚೆನ್ನಾಗಿರಲಿ, ಕೆಳಗಿಳಿದು ಬನ್ನಿ.

3. ಪಾಸ್ ಪಟ್ಟಿ ತೆಗೆಯಿರಿ

ಆ್ಯಪ್‌ನಲ್ಲಿ ನಿಮ್ಮ ಜಾಗ ಹಾಕಿ. ದಾವಣಗೆರೆಗೆ 14.46 ಉತ್ತರ, 75.92 ಪೂರ್ವ. ಚಿತ್ರದುರ್ಗಕ್ಕೆ 14.23 ಉತ್ತರ, 76.40 ಪೂರ್ವ. ಹ್ಯಾಮ್‌ಗಳು, ಅಂದರೆ ಹವ್ಯಾಸಿ ರೇಡಿಯೋದವರು, ಭೂಮಿಯನ್ನು ಚೌಕಗಳಾಗಿ ಹಂಚಿಕೊಂಡಿದ್ದಾರೆ. ದಾವಣಗೆರೆ ಎಂಕೆ74, ದುರ್ಗ ಎಂಕೆ84. ಎರಡರ ನಡುವಿನ ಗೆರೆ 76ನೇ ರೇಖಾಂಶ. ಇಲ್ಲಿಂದ ದುರ್ಗಕ್ಕೆ ಬಸ್ಸಿನಲ್ಲಿ ಹೋಗುವಾಗ ಆ ಗೆರೆ ದಾಟುತ್ತೀರಿ, ಯಾವ ಬೋರ್ಡೂ ಇಲ್ಲ ಅಷ್ಟೇ.

ಆಮೇಲೆ ಉಪಗ್ರಹದ ದಾರಿಯ ಮಾಹಿತಿ ಅಪ್‌ಡೇಟ್ ಮಾಡಿ. ಇದಕ್ಕೆ ಟಿಎಲ್‌ಇ ಅನ್ನುತ್ತಾರೆ. ಉಪಗ್ರಹ ಈಗ ಎಲ್ಲಿದೆ, ಹೇಗೆ ಸುತ್ತುತ್ತಿದೆ ಅಂತ ಎರಡು ಸಾಲಿನ ಅಂಕಿಗಳಲ್ಲಿ ಹೇಳುವ ಜಾತಕ ಅದು. ಹಳೆಯದಾದಷ್ಟೂ ತಪ್ಪು ಹೇಳುತ್ತದೆ. ಕೆಳಗೆ ಸುತ್ತುವ ಉಪಗ್ರಹಗಳಿಗಂತೂ ವಾರಕ್ಕೊಮ್ಮೆಯಾದರೂ ಹೊಸದು ಬೇಕು.

ಪಟ್ಟಿಯಲ್ಲಿ ನೋಡಬೇಕಾದ್ದು ಗರಿಷ್ಠ ಎತ್ತರ. ದಿಗಂತ 0 ಡಿಗ್ರಿ, ನೆತ್ತಿ 90. ಶುರುವಿಗೆ 40 ಡಿಗ್ರಿಗಿಂತ ಮೇಲೆ ಬರುವ ಪಾಸ್‌ಗಳನ್ನಷ್ಟೇ ಆರಿಸಿ. ಕಾರಣ ದೂರ. ಎಕ್ಸ್‌ಐ-4 ಸುಮಾರು 820 ಕಿ.ಮೀ. ಎತ್ತರದಲ್ಲಿದೆ, ನೆತ್ತಿ ಮೇಲಿದ್ದಾಗ ಅಷ್ಟೇ ದೂರ. ಅದೇ ದಿಗಂತದಲ್ಲಿ ಹುಟ್ಟುವಾಗ 3300 ಕಿ.ಮೀ. ಆಚೆ ಇರುತ್ತದೆ. ದೂರ ನಾಲ್ಕು ಪಟ್ಟಾದರೆ ಸಿಗ್ನಲ್ ಹದಿನಾರು ಪಟ್ಟು ಸೊರಗುತ್ತದೆ.

ಸಮಯ ಯಾವುದರಲ್ಲಿದೆ ಅಂತ ಎರಡು ಸಲ ನೋಡಿ. ಎಷ್ಟೋ ಕಡೆ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿ ಕೊಟ್ಟಿರುತ್ತಾರೆ, ಅದಕ್ಕೆ ಐದೂವರೆ ಗಂಟೆ ಸೇರಿಸಿದರೆ ನಮ್ಮ ಸಮಯ. ಯುಟಿಸಿ 13:10 ಅಂದರೆ ನಮಗೆ ಸಂಜೆ 6:40. ಇದೊಂದನ್ನು ಮರೆತು ಮಧ್ಯಾಹ್ನದ ಬಿಸಿಲಲ್ಲಿ ಒಣಗಿದವರು ಬೇಕಾದಷ್ಟು ಜನ ಇದ್ದಾರೆ.

4. ಯಾವುದನ್ನು ಮೊದಲು ಕೇಳಬೇಕು?

ನೇರವಾಗಿ ಕ್ಯೂಬ್‌ಸ್ಯಾಟ್‌ಗೆ ಕೈ ಹಾಕಬೇಡಿ. ಮೊದಲು ಡಾಂಗಲ್ ಹಚ್ಚಿ ಚಿತ್ರದುರ್ಗ ಆಕಾಶವಾಣಿಯ ಎಫ್‌ಎಂ ಹಿಡಿಯಿರಿ. ಹಾಡು ಬಂತಾ? ಉಪಕರಣ ಸರಿ ಇದೆ.

ಆಮೇಲೆ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. 145.825 ಮೆಗಾಹರ್ಟ್ಸ್, ಎಫ್‌ಎಂ. ಹಳೇ ಡಯಲಪ್ ಇಂಟರ್ನೆಟ್ಟಿನ ಥರ 'ಖರ್ರ್' ಅಂತ ಚಿಕ್ಕ ಚಿಕ್ಕ ಸದ್ದು ಬರುತ್ತದೆ, ಅವು ಡೇಟಾ ಪ್ಯಾಕೆಟ್‌ಗಳು. ಜೋರಾಗಿರುತ್ತದೆ, ಡೈಪೋಲ್ ಸಾಕು. ಒಮ್ಮೊಮ್ಮೆ ಇದನ್ನು ನಿಲ್ಲಿಸಿ 437.800ರಲ್ಲಿ ಮಾತಿನ ರಿಪೀಟರ್, ಅಂದರೆ ನೆಲದಿಂದ ಬಂದ ಮಾತನ್ನು ಮತ್ತೆ ಕೆಳಗೆ ಕಳಿಸುವ ಯಂತ್ರ ಹಾಕಿರುತ್ತಾರೆ, ಅದನ್ನೂ ನೋಡಿ.

ಮೂರನೆಯದು ಆರ್‌ಎಸ್-44. 2019ರ ಡಿಸೆಂಬರ್ 26ರಂದು ಹಾರಿದ್ದು, ಸೈಬೀರಿಯಾದ ವಿಶ್ವವಿದ್ಯಾಲಯವೊಂದರ ವಿದ್ಯಾರ್ಥಿಗಳ ಕೈ ಇದರಲ್ಲಿದೆ. ಕ್ಯೂಬ್‌ಸ್ಯಾಟ್‌ಗಿಂತ ದೊಡ್ಡದು. ರಾಕೆಟ್ಟಿನ ಕೊನೆ ಹಂತದಿಂದ ಬಿಡಿಸಿಕೊಳ್ಳಲೇ ಇಲ್ಲ, ಅದಕ್ಕೆ ಅಂಟಿಕೊಂಡೇ ಸುತ್ತುತ್ತಿದೆ, ಆದರೂ ಕೆಲಸಕ್ಕೆ ಏನೂ ಅಡ್ಡಿಯಾಗಲಿಲ್ಲ. 1200ರಿಂದ 1500 ಕಿ.ಮೀ. ಎತ್ತರದಲ್ಲಿ ಇರುವುದರಿಂದ ಒಳ್ಳೆಯ ಪಾಸ್ ಇಪ್ಪತ್ತು ನಿಮಿಷ ಸಿಗುತ್ತದೆ. ಕಲಿಯುವವರಿಗೆ ಇದಕ್ಕಿಂತ ತಾಳ್ಮೆಯ ಮೇಷ್ಟ್ರು ಇಲ್ಲ. ಬೀಕನ್ 435.605 ಮೆಗಾಹರ್ಟ್ಸ್, ಮೋರ್ಸ್ ಸಂಕೇತದಲ್ಲಿ, ಅಂದರೆ ಗಿಡ್ಡ ಮತ್ತು ಉದ್ದ ಸದ್ದುಗಳಲ್ಲಿ ಅಕ್ಷರ ಹೇಳುವ ಭಾಷೆಯಲ್ಲಿ.

ಇದು ಕೈಗೆ ಹತ್ತಿದ ಮೇಲೆ ಎಕ್ಸ್‌ಐ-4ಕ್ಕೆ ಹೋಗಿ, 436.8475 ಮೆಗಾಹರ್ಟ್ಸ್.

ಹಳೇ ಪಟ್ಟಿ, ಹಳೇ ವಿಡಿಯೋ ನಂಬಿ ಕೂರಬೇಡಿ. ಎಷ್ಟೋ ಪಟ್ಟಿಗಳಲ್ಲಿ ಸ್ಟಡ್‌ಸ್ಯಾಟ್, ನಮ್ಮದೇ ಹ್ಯಾಮ್‌ಸ್ಯಾಟ್ ಇನ್ನೂ ಇವೆ. ಸ್ಟಡ್‌ಸ್ಯಾಟ್ ಯಾವತ್ತೋ ಮೌನವಾಯಿತು, 2005ರಲ್ಲಿ ಹಾರಿದ ಹ್ಯಾಮ್‌ಸ್ಯಾಟ್ 2014ರಲ್ಲಿ ನಿಂತಿತು. ಯೂಟ್ಯೂಬ್‌ನಲ್ಲಿ ಎಲ್ಲರೂ ಶುರು ಮಾಡಿಸುವ ನೋವಾ 15, 18, 19 ಹವಾಮಾನ ಉಪಗ್ರಹಗಳನ್ನೂ 2025ರಲ್ಲಿ ನಿಲ್ಲಿಸಿದರು. ಆಮ್‌ಸ್ಯಾಟ್ ಸಂಸ್ಥೆಯ ಸ್ಟೇಟಸ್ ಪುಟದಲ್ಲಿ ಯಾರು ಯಾವ ಉಪಗ್ರಹವನ್ನು ಇವತ್ತು ಕೇಳಿದರು ಅಂತ ಜಗತ್ತಿನ ಹ್ಯಾಮ್‌ಗಳು ಬರೆಯುತ್ತಿರುತ್ತಾರೆ. ಹೊರಡುವ ಮುಂಚೆ ಅಲ್ಲೊಮ್ಮೆ ಕಣ್ಣಾಡಿಸಿ.

5. ಸೆಟ್ಟಿಂಗ್

ಮೋರ್ಸ್ ಬೀಕನ್ ಕೇಳಲು ಮೋಡ್ ಯುಎಸ್‌ಬಿ ಇರಬೇಕು. ಇದು ಚುಚ್ಚುವ ಯುಎಸ್‌ಬಿ ಅಲ್ಲ, 'ಅಪ್ಪರ್ ಸೈಡ್‌ಬ್ಯಾಂಡ್' ಅನ್ನುವ ರೇಡಿಯೋ ವಿಧಾನ. ನಾನು ಮೊದಲ ಸಲ ಎಫ್‌ಎಂನಲ್ಲೇ ಇಟ್ಟುಕೊಂಡು ಹದಿನೆಂಟು ನಿಮಿಷ ಬರೀ 'ಸ್ಸ್' ಕೇಳಿಸಿಕೊಂಡು ಆಂಟೆನಾಗೆ ಬೈದಿದ್ದೆ. ಪರದೆ ಮೇಲೆ ಗೆರೆ ಚೆನ್ನಾಗೇ ಬರುತ್ತಿತ್ತು, ಕಿವಿಗೆ ಬರುತ್ತಿರಲಿಲ್ಲ ಅಷ್ಟೇ.

ಗೇನ್, ಅಂದರೆ ಸಿಗ್ನಲನ್ನು ಡಾಂಗಲ್ ಎಷ್ಟು ಹಿಗ್ಗಿಸಬೇಕು ಅನ್ನುವ ಸೆಟ್ಟಿಂಗ್, ಶುರುವಿನಲ್ಲಿ ಸೊನ್ನೆ ಇರಬಹುದು, ಅದನ್ನು ಕೈಯಾರೆ ಏರಿಸಿ. ಹಿನ್ನೆಲೆಯ ಗದ್ದಲ ಸ್ವಲ್ಪ ಮೇಲೇಳುವವರೆಗೆ ಸಾಕು. ತೀರಾ ಏರಿಸಿದರೆ ಎಫ್‌ಎಂ ಸ್ಟೇಷನ್‌ಗಳು ಎಲ್ಲೆಲ್ಲೋ ಭೂತದ ಹಾಗೆ ಕಾಣಿಸಿಕೊಳ್ಳುತ್ತವೆ. 'ಬಯಾಸ್ ಟೀ' ಅನ್ನುವ ಬಟನ್ ಮುಟ್ಟಬೇಡಿ, ಅದು ಕೇಬಲ್‌ಗೆ ಕರೆಂಟ್ ಬಿಡುತ್ತದೆ.

ಹತ್ತಿರದ ಎಲ್‌ಇಡಿ ಬಲ್ಬು, ಅಗ್ಗದ ಚಾರ್ಜರ್, ಇನ್ವರ್ಟರ್ ಇವೆಲ್ಲ ಗದ್ದಲ ಮಾಡುತ್ತವೆ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ. ಬೀದಿಗೇ ಕರೆಂಟ್ ಹೋದ ಹೊತ್ತಿನಲ್ಲಿ ಪಾಸ್ ಸಿಕ್ಕಿದರೆ ನೋಡಿ, ಪರದೆ ಒರೆಸಿಟ್ಟ ಹಾಗೆ ಇರುತ್ತದೆ. ಎಲ್ಲರೂ ಕರೆಂಟ್ ಇಲ್ಲ ಅಂತ ಬೈಯುವಾಗ ಖುಷಿಪಡುವವನು ಬಹುಶಃ ನಾನೊಬ್ಬನೇ.

6. ಪಾಸ್ ಹಿಡಿಯಿರಿ

ಹತ್ತು ನಿಮಿಷ ಮುಂಚೆ ತಾರಸಿಯಲ್ಲಿರಿ. ಆರ್‌ಎಸ್-44 ಉತ್ತರದಿಂದ ಹುಟ್ಟಿ ದಕ್ಷಿಣಕ್ಕೆ ಮುಳುಗುತ್ತದೆ ಅಂದುಕೊಳ್ಳಿ. ಆಂಟೆನಾ ಉತ್ತರದ ದಿಗಂತಕ್ಕೆ ತಿರುಗಿಸಿ.

ಈಗ ಡಾಪ್ಲರ್ ಅನ್ನುವ ಸಂಗತಿ. ರೈಲು ಹತ್ತಿರ ಬರುವಾಗ ಹಾರನ್ ಕೀರಲಾಗಿ, ದಾಟಿ ಹೋಗುವಾಗ ದಪ್ಪವಾಗಿ ಕೇಳುತ್ತದಲ್ವಾ? ಅದೇ ಇಲ್ಲೂ ಆಗುತ್ತದೆ. ಉಪಗ್ರಹದ ವೇಗ ಸೆಕೆಂಡಿಗೆ ಏಳು ಕಿ.ಮೀ.ಗಿಂತ ಜಾಸ್ತಿ. ಹಾಗಾಗಿ ಹುಟ್ಟುವಾಗ ಬೀಕನ್ 435.605ರಲ್ಲಿ ಇರುವುದಿಲ್ಲ, 8-9 ಕಿಲೋಹರ್ಟ್ಸ್ ಮೇಲೆ, ಅಂದರೆ 435.613 ಆಸುಪಾಸಿನಲ್ಲಿ ಇರುತ್ತದೆ. ಅತಿ ಎತ್ತರಕ್ಕೆ ಬಂದಾಗ ಸರಿಯಾಗಿ 435.605. ಮುಳುಗುವಾಗ 435.597 ಹತ್ತಿರ. 145 ಮೆಗಾಹರ್ಟ್ಸ್‌ನಲ್ಲಿ ಈ ಜಾರಾಟ ಮೂರು ಕಿಲೋಹರ್ಟ್ಸ್ ಅಷ್ಟೇ, ಅದಕ್ಕೇ ನಿಲ್ದಾಣ ಕೇಳುವಾಗ ಗೊತ್ತೇ ಆಗುವುದಿಲ್ಲ.

ಪರದೆಯಲ್ಲಿ ಬಣ್ಣದ ನೀರು ಇಳಿದಂತೆ ಕಾಣುವ ಭಾಗಕ್ಕೆ 'ವಾಟರ್‌ಫಾಲ್' ಅನ್ನುತ್ತಾರೆ. ಕಣ್ಣು ಅಲ್ಲಿರಲಿ. ತುಂಡು ತುಂಡಾದ ಸಣ್ಣ ಗೆರೆ, ನಿಧಾನವಾಗಿ ಎಡಕ್ಕೆ ಬಾಗುತ್ತಾ ಹೋಗುತ್ತದೆ. ಬಾಗಿದರೆ ಅದು ಉಪಗ್ರಹ. ಅಲ್ಲಾಡದೆ ನೆಟ್ಟಗೆ ನಿಂತಿದ್ದರೆ ಅದು ಪಕ್ಕದ ಮನೆಯ ಚಾರ್ಜರ್.

ಗೆರೆ ಮೇಲೆ ಕ್ಲಿಕ್ ಮಾಡಿ, ಅದು ಜಾರಿದಂತೆ ನೀವೂ ಜಾರಿಸುತ್ತಾ ಹೋಗಿ. ಡಿ-ಡಾ-ಡಿ, ಡಿ-ಡಿ-ಡಿ, ಆಮೇಲೆ ಡಿ-ಡಿ-ಡಿ-ಡಿ-ಡಾ ಎರಡು ಸಲ. ಆರ್, ಎಸ್, 4, 4. ತನ್ನ ಹೆಸರು ತಾನೇ ಹೇಳಿಕೊಳ್ಳುತ್ತದೆ. ಸದ್ದು ಇದ್ದಕ್ಕಿದ್ದಂತೆ ಕುಗ್ಗಿದರೆ ಗಾಬರಿ ಬೇಡ, ಉಪಗ್ರಹ ಉರುಳುತ್ತಿರುತ್ತದೆ. ಮುಂಗೈ ತಿರುಗಿಸಿ ಆಂಟೆನಾ ಮಲಗಿದ್ದರೆ ನಿಲ್ಲಿಸಿ, ನಿಂತಿದ್ದರೆ ಮಲಗಿಸಿ. ಈ ಒಂದು ತಿರುವಿನಲ್ಲಿ ಸತ್ತ ಸಿಗ್ನಲ್ ಎದ್ದು ಬಂದಿದ್ದನ್ನು ಎಷ್ಟೋ ಸಲ ನೋಡಿದ್ದೇನೆ.

7. ರೆಕಾರ್ಡ್ ಮಾಡಿ, ಕಳಿಸಿ

ಧ್ವನಿ ಜೊತೆಗೆ 'ಬೇಸ್‌ಬ್ಯಾಂಡ್' ಕೂಡ ರೆಕಾರ್ಡ್ ಮಾಡಿ. ಡಾಂಗಲ್‌ಗೆ ಬಂದಿದ್ದೆಲ್ಲ ಹಾಗೇ ಉಳಿಯುತ್ತದೆ, ತಪ್ಪಾಗಿ ಟ್ಯೂನ್ ಮಾಡಿದ್ದರೂ ಮನೆಗೆ ಬಂದು ಸರಿಪಡಿಸಬಹುದು. ಸ್ಯಾಂಪಲ್ ರೇಟ್, ಅಂದರೆ ಸೆಕೆಂಡಿಗೆ ಎಷ್ಟು ಸಲ ಸಿಗ್ನಲ್ ಅಳೆಯಬೇಕು ಅನ್ನುವುದನ್ನು ಕಮ್ಮಿ ಇಡಿ, ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಕೆಲವು ಜಿಬಿ ತುಂಬಿ ಫೋನ್ ಕೈಕೊಡುತ್ತದೆ.

ಫೈಲ್ ಹೆಸರಿನಲ್ಲಿ ದಿನಾಂಕ, ಯುಟಿಸಿ ಸಮಯ, ಉಪಗ್ರಹ, ನಿಮ್ಮ ಚೌಕ ಬರೆಯಿರಿ. ವಿದ್ಯಾರ್ಥಿ ಉಪಗ್ರಹ ಹೊಸದಾಗಿ ಹಾರಿದ ಮೊದಲ ದಿನಗಳಲ್ಲಿ ಇಂಥ ವರದಿಗೆ ಬಹಳ ಬೆಲೆ. ಕಟ್ಟಿದವರಿಗೆ ತಮ್ಮೂರಿನ ಮೇಲೆ ಬಂದಾಗ ಮಾತ್ರ ಅದು ಕೇಳುತ್ತದೆ, ಉಳಿದ ಹೊತ್ತು ಬದುಕಿದೆಯೋ ಇಲ್ಲವೋ ಗೊತ್ತಿರುವುದಿಲ್ಲ. ಬ್ಯಾಟರಿ ವೋಲ್ಟೇಜ್, ಒಳಗಿನ ಬಿಸಿ ಇಂಥವನ್ನು ಬೀಕನ್‌ನಲ್ಲೇ ಕಳಿಸುತ್ತಿರುತ್ತದೆ. ಅವರ ಪುಟದಲ್ಲಿ ವಿಳಾಸ ಕೊಟ್ಟಿರುತ್ತಾರೆ. ಸ್ಯಾಟ್‌ನಾಗ್ಸ್ ಅನ್ನುವ ಮುಕ್ತ ಜಾಲವೂ ಇದೆ, ಜಗತ್ತಿನ ನೂರಾರು ತಾರಸಿಗಳಿಂದ ಹಿಡಿದ ಸಿಗ್ನಲ್ ಅಲ್ಲಿ ಸೇರುತ್ತದೆ. ನಿಮಗೆ ಸಿಗದ ದಿನ ಅಲ್ಲಿ ಹೋಗಿ ನೋಡಿ, ಅದೇ ಹೊತ್ತಿಗೆ ಬೇರೆಯವರಿಗೆ ಕೇಳಿದ್ದರೆ ತಪ್ಪು ನಿಮ್ಮ ಕಡೆ.

ಕೊನೆಗೆ, ಎಲ್ಲರೂ ಕೇಳುವ ಇನ್ನೊಂದು ಪ್ರಶ್ನೆ: ನಾವೂ ಮಾತಾಡಬಹುದಾ?

ಇಲ್ಲಿ ಹೇಳಿದ್ದೆಲ್ಲ ಕೇಳುವುದಕ್ಕೆ ಮಾತ್ರ. ಕಳಿಸಬೇಕಾದರೆ ಹ್ಯಾಮ್ ಲೈಸೆನ್ಸ್ ಬೇಕೇ ಬೇಕು. ಕೇಂದ್ರ ದೂರಸಂಪರ್ಕ ಇಲಾಖೆ ನಡೆಸುವ ಪರೀಕ್ಷೆ ಬರೆಯಬೇಕು, 12 ವರ್ಷ ತುಂಬಿದ ಯಾರಾದರೂ ಬರೆಯಬಹುದು. ಎರಡು ದರ್ಜೆ ಇವೆ, ಮೋರ್ಸ್ ಬೇಕಾಗುವುದು ಮೇಲಿನ ದರ್ಜೆಗೆ ಮಾತ್ರ. ಆನ್‌ಲೈನ್‌ನಲ್ಲಿ ಸಿಗುವ ಚೀನಾ ವಾಕಿಟಾಕಿ ತಂದು "ಒಂದು ಸಲ ಒತ್ತಿ ನೋಡೋಣ" ಅನ್ನುವವರು ಇದ್ದಾರೆ. ಒತ್ತಬೇಡಿ. ಕಾನೂನಿನ ಮಾತು ಹಾಗಿರಲಿ, ಒಂದೇ ರಿಪೀಟರನ್ನು ಅರ್ಧ ಭೂಖಂಡದ ಜನ ಹಂಚಿಕೊಂಡಿರುತ್ತಾರೆ, ನೀವು ಒತ್ತಿದರೆ ಅಷ್ಟೂ ಜನರ ಮಾತು ಕೆಡುತ್ತದೆ. ಹಾಗೇ ಡಾಂಗಲ್ ಇದೆ ಅಂತ ಪೊಲೀಸ್, ವಿಮಾನದ ಮಾತು ಕೇಳಲು ಹೋಗಬೇಡಿ.

ಈ ವಾರ ಆರ್‌ಎಸ್-44 ಒಂದನ್ನೇ ಹಿಡಿಯಿರಿ, ಐದಾರು ಪಾಸ್ ಆದರೂ ಕೂತು ಕೇಳಿ. ಸಿಗಲಿಲ್ಲ ಅಂದರೆ ನನಗೆ ಬರೆಯಿರಿ, ಆದರೆ ಸುಮ್ನೆ "ಬರಲಿಲ್ಲ ಸರ್" ಅಂತ ಬರೆದರೆ ನಾನೇನೂ ಹೇಳಲಾರೆ. ವಾಟರ್‌ಫಾಲ್‌ನ ಸ್ಕ್ರೀನ್‌ಶಾಟ್, ಮೋಡ್, ಸಮಯ, ನಿಂತ ಜಾಗ, ಇಷ್ಟು ಇರಲಿ.